ಲಂಚ ತಿಂದ ಸರ್ಕಾರ, ಗಡಿ ದಾಟುವ ಅಪಾಯ

ಮಾನ್ಯ ಸಂಪಾದಕರೇ,

ಲೋಕಾಯುಕ್ತರ ಬಲೆಗೆ ಬಿದ್ದ ನೌಕರರ ಸುದ್ದಿ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ಕಾಂಗೋ, ಸುಡಾನ್, ಉಕ್ರೇನ್‌ಗಳ ಯುದ್ಧದ ಸುದ್ದಿ ವಿದೇಶ ಪುಟದಲ್ಲಿ ಬರುತ್ತದೆ. ಈ ಎರಡಕ್ಕೂ ಸಂಬಂಧವಿರಬಹುದೆಂದು ಓದುವವರಿಗೆ ಅನ್ನಿಸುವುದಿಲ್ಲ. ನಮ್ಮ ಜನಪ್ರತಿನಿಧಿಗಳ ಭಾಷಣದಲ್ಲೂ ಭ್ರಷ್ಟಾಚಾರವೆಂದರೆ ಆಡಳಿತ ಸುಧಾರಣೆಯ ವಿಷಯ, ಭದ್ರತೆಯೆಂದರೆ ಸೇನೆ ಮತ್ತು ಆಯುಧಗಳ ವಿಷಯ. ಭೂಸೇನೆಯಲ್ಲಿದ್ದು, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲೂ ಒಂದು ಅವಧಿ ಕೆಲಸ ಮಾಡಿ, ಈಗ ಪೊನ್ನಂಪೇಟೆಯ ಸಮೀಪ ಕಾಫಿ ತೋಟ ನೋಡಿಕೊಂಡಿರುವ ನನಗೆ ಈ ಎರಡೂ ಪುಟಗಳು ಒಂದೇ ರೋಗದ ಸುದ್ದಿಯನ್ನು ಹೇಳುತ್ತಿವೆ ಎಂದು ತೋರುತ್ತದೆ. ಸರ್ಕಾರವೊಂದು ಒಳಗಿಂದೊಳಗೇ ಮಾರಾಟಕ್ಕೆ ಬಿದ್ದರೆ ಅದರ ಸೇನೆ, ಪೊಲೀಸು, ಬಂದರು, ಸುಂಕದ ಕಚೇರಿ ಎಲ್ಲವೂ ಹೆಸರಿಗಷ್ಟೇ ಉಳಿಯುತ್ತವೆ, ಅದರ ಕೆಡುಕು ಆ ದೇಶದ ಗಡಿಯೊಳಗೆ ನಿಲ್ಲುವುದಿಲ್ಲ.

ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. 2010ರ ಆಸುಪಾಸಿನಲ್ಲಿ ನಮ್ಮ ತುಕಡಿ ಕಾಂಗೋ ದೇಶದ ಪೂರ್ವದ ಅಂಚಿನಲ್ಲಿರುವ ಉತ್ತರ ಕಿವು ಪ್ರಾಂತ್ಯದಲ್ಲಿತ್ತು. ಗೋಮಾ ಪಟ್ಟಣದಿಂದ ರುಟ್ಶುರು ಕಡೆಗೆ ಹೋಗುವ ರಸ್ತೆಯ ಎರಡೂ ಬದಿಗೆ ನ್ಯಿರಾಗೊಂಗೊ ಅಗ್ನಿಪರ್ವತ ಉಗುಳಿದ ಕಪ್ಪು ಕಲ್ಲು. ಆ ರಸ್ತೆಯಲ್ಲಿ ಅಲ್ಲಲ್ಲಿ ಸರ್ಕಾರಿ ಸೈನಿಕರು ಬಿದಿರಿನ ಗಳ ಅಡ್ಡ ಹಾಕಿ ನಿಂತಿರುತ್ತಿದ್ದರು. ಇದ್ದಿಲಿನ ಮೂಟೆಯನ್ನು ಬೆನ್ನಿಗೇರಿಸಿ, ಅದರ ಪಟ್ಟಿಯನ್ನು ಹಣೆಗೆ ಬಿಗಿದುಕೊಂಡು ಬಾಗಿ ನಡೆದು ಬರುವ ಹೆಂಗಸರು ಆ ಗಳದ ಮುಂದೆ ನಿಂತು ಒಂದಿಷ್ಟು ಹಣವನ್ನೋ, ಹಣವಿಲ್ಲದಿದ್ದರೆ ನಾಲ್ಕು ಹಿಡಿ ಇದ್ದಿಲನ್ನೋ ಕೊಟ್ಟ ಮೇಲೆಯೇ ಗಳ ಮೇಲೇಳುತ್ತಿತ್ತು. ಆ ಸೈನಿಕರು ಹುಟ್ಟು ದರೋಡೆಕೋರರೇನಲ್ಲ. ಅವರ ಹೆಂಡತಿ ಮಕ್ಕಳು ಶಿಬಿರದ ಪಕ್ಕದಲ್ಲೇ ಟಾರ್ಪಾಲು ಹೊದಿಸಿದ ಗುಡಿಸಲುಗಳಲ್ಲಿದ್ದರು. ಎಷ್ಟೋ ಮಂದಿಯ ಕಾಲಿನಲ್ಲಿ ಬೂಟಿನ ಬದಲು ರಬ್ಬರ್ ಚಪ್ಪಲಿ ಇತ್ತು. ಅವರ ಸಂಬಳ ರಾಜಧಾನಿ ಕಿನ್ಶಾಸಾದಿಂದ ನಗದಾಗಿ ಹೊರಟು ಒಬ್ಬ ಅಧಿಕಾರಿಯಿಂದ ಇನ್ನೊಬ್ಬ ಅಧಿಕಾರಿಯ ಕೈಗೆ ಇಳಿಯುತ್ತ ಬರುತ್ತಿತ್ತು, ಪ್ರತಿಯೊಬ್ಬರೂ ತಮ್ಮ ಪಾಲು ಮುರಿದುಕೊಂಡು ಮುಂದಕ್ಕೆ ದಾಟಿಸುತ್ತಿದ್ದರು, ಕಟ್ಟಕಡೆಯ ಸಿಪಾಯಿಗೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಐರೋಪ್ಯ ಒಕ್ಕೂಟ ಕಳಿಸಿದ್ದ ತಂಡವೊಂದು ಸೈನಿಕರನ್ನು ಒಬ್ಬೊಬ್ಬರನ್ನಾಗಿ ಎಣಿಸಿ, ಬೆರಳಚ್ಚು ಪಡೆದು ಗುರುತಿನ ಚೀಟಿ ಕೊಟ್ಟು, ಸಂಬಳ ಹಂಚುವ ಕೆಲಸವನ್ನು ದಳಪತಿಗಳ ಕೈಯಿಂದ ಬಿಡಿಸುವುದಕ್ಕೆ ವರ್ಷಗಟ್ಟಲೆ ಹೆಣಗಿತು.

ಇಂಥ ಸೇನೆ ಯುದ್ಧದ ದಿನ ಏನು ಮಾಡೀತು? 2012ರ ನವೆಂಬರ್ 20ರಂದು ಎಂ23 ಬಂಡುಕೋರರು ಗೋಮಾವನ್ನು ವಶಪಡಿಸಿಕೊಂಡರು. ಅದೇ ವಾರ ಕಾಂಗೋದ ಅಧ್ಯಕ್ಷರು ತಮ್ಮ ಭೂಸೇನೆಯ ಮುಖ್ಯಸ್ಥರನ್ನೇ ಅಮಾನತು ಮಾಡಬೇಕಾಯಿತು. ಬಂಡುಕೋರ ಗುಂಪುಗಳಿಗೆ ಆಯುಧ ಮಾರುವ ಜಾಲವನ್ನು ಅವರು ನಡೆಸುತ್ತಿದ್ದರೆಂದು ವಿಶ್ವಸಂಸ್ಥೆಯ ತಜ್ಞರ ವರದಿ ಆರೋಪಿಸಿತ್ತು. ಮುಂದೆ ಅವರಿಗೆ ಮತ್ತೆ ಹುದ್ದೆ ಸಿಕ್ಕಿತು. 2025ರ ಜನವರಿಯಲ್ಲಿ ಗೋಮಾ ಮತ್ತೊಮ್ಮೆ ಎಂ23 ಕೈಗೆ ಬಿತ್ತು. ನೆರೆಯ ರುವಾಂಡದ ಬೆಂಬಲ, ನೆಲದಡಿಯ ಕೋಲ್ಟಾನ್ ಎಂಬ ಖನಿಜ ಮತ್ತು ಚಿನ್ನ, ಹಳೆಯ ಜನಾಂಗೀಯ ದ್ವೇಷ, ಇವೆಲ್ಲ ಆ ಯುದ್ಧದ ಕಾರಣಗಳು ಹೌದು. ಆದರೆ ಆ ದೇಶಕ್ಕೆ ತನ್ನ ಜನರನ್ನು ಕಾಯಬಲ್ಲ ಒಂದು ಸೇನೆ ಇಲ್ಲದೆ ಹೋದದ್ದಕ್ಕೆ ಹೊರಗಿನವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಅದು ತುಂಬಬೇಕಾಗಿದ್ದ ಜಾಗದಲ್ಲಿ ಭಾರತದ, ಪಾಕಿಸ್ತಾನದ, ಉರುಗ್ವೆಯ, ದಕ್ಷಿಣ ಆಫ್ರಿಕಾದ ಹುಡುಗರು ಹೋಗಿ ನಿಂತರು, ಕೆಲವರು ಅಲ್ಲೇ ಪ್ರಾಣ ಬಿಟ್ಟರು. ಕೊಡಗಿನವರಿಗೆ ಇದು ದೂರದ ಮಾತಲ್ಲ. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಿಷಯ ಬಗೆಹರಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದವರು ಮಡಿಕೇರಿಯ ಜನರಲ್ ತಿಮ್ಮಯ್ಯ. 1965ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡದ್ದು ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದಾಗ. ಬೇರೆ ದೇಶಗಳ ಸರ್ಕಾರ ಕುಸಿದಾಗ ಅದರ ಭಾರ ಹೊರಲು ಹೋಗುವವರಲ್ಲಿ ನಮ್ಮ ಮನೆಗಳವರು ಅಂದಿನಿಂದಲೂ ಇದ್ದಾರೆ.

ಕಾಂಗೋದ ಮಾತನ್ನು ಯಾರಾದರೂ ಬಡ ದೇಶದ ಕಥೆಯೆಂದು ತಳ್ಳಿಹಾಕಬಹುದು. ಇರಾಕಿಗೆ ತೈಲದ ಹಣವಿತ್ತು, ಅಮೆರಿಕ ಕೊಟ್ಟ ಆಯುಧವಿತ್ತು, ತರಬೇತಿಯಿತ್ತು. ಆದರೂ 2014ರ ಜೂನ್ 10ರಂದು ಮೊಸುಲ್ ನಗರ ಐಎಸ್ ಉಗ್ರರ ಪಾಲಾದಾಗ ಸಂಖ್ಯೆಯಲ್ಲಿ ಅವರಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ದ ಸೇನೆ ಸಮವಸ್ತ್ರ ಕಳಚಿ ಓಡಿತು. ಸಂಖ್ಯೆಯಲ್ಲಿ ಹೆಚ್ಚಿದ್ದುದು ಕಾಗದದ ಮೇಲೆ. ಅದೇ ವರ್ಷದ ನವೆಂಬರ್ ಕೊನೆಗೆ ಇರಾಕಿನ ಹೊಸ ಪ್ರಧಾನಿ ಹೈದರ್ ಅಲ್ ಅಬಾದಿ ಸಂಸತ್ತಿನಲ್ಲಿ ನಿಂತು, ಸೇನೆಯ ಸಂಬಳದ ಪಟ್ಟಿಯಲ್ಲಿ 50,000 ಸುಳ್ಳು ಹೆಸರುಗಳು ಸಿಕ್ಕಿವೆ ಎಂದರು. ತೋಟದ ಚೆಕ್‌ರೋಲಿನಲ್ಲಿ ಊರಿನಲ್ಲೇ ಇಲ್ಲದ ಆಳುಗಳ ಹೆಸರು ಬರೆದು ರೈಟರು ವಾರದ ಬಟವಾಡೆ ಜೇಬಿಗಿಳಿಸಿದರೆ ಕಾಫಿ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ ಎಂಬುದು ಇಲ್ಲಿನ ಯಾವ ಬೆಳೆಗಾರನಿಗೂ ಗೊತ್ತು. ಮೊಸುಲಿನಲ್ಲಿ ಉದುರಿದ್ದು ಒಂದು ಇಡೀ ಪ್ರಾಂತ್ಯ. ಅದರೊಡನೆ ನಮ್ಮ ದೇಶದ 39 ಕೂಲಿ ಕಾರ್ಮಿಕರೂ ಹೋದರು. ಅವರನ್ನು ಅಪಹರಿಸಿ ಕೊಂದಿದ್ದಾರೆಂಬುದು ಖಚಿತವಾಗಿ ಸಂಸತ್ತಿನಲ್ಲಿ ಹೇಳಿಕೆ ಬಂದದ್ದು 2018ರ ಮಾರ್ಚ್‌ನಲ್ಲಿ. ತಿಕ್ರಿತ್ ಆಸ್ಪತ್ರೆಯಲ್ಲಿ ಸಿಕ್ಕಿಕೊಂಡಿದ್ದ, ಹೆಚ್ಚಾಗಿ ನೆರೆಯ ಕೇರಳದವರೇ ಆಗಿದ್ದ 46 ಶುಶ್ರೂಷಕಿಯರು ಜೀವಸಹಿತ ಮರಳಿದ್ದು ಪುಣ್ಯ.

ಅಫ್ಘಾನಿಸ್ತಾನದ್ದು ಇನ್ನೂ ದೊಡ್ಡ ಪಾಠ. ಮೂರು ಲಕ್ಷದ ಸೇನೆ, ಪೊಲೀಸು ಎಂದು ಲೆಕ್ಕ ಹೇಳಲಾಗುತ್ತಿತ್ತು. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಗೆ ಬಿದ್ದ ಮೇಲೆ, ಆ ಮೂರು ಲಕ್ಷದಲ್ಲಿ ಹೆಚ್ಚಿನ ಪಾಲು ಇರಲೇ ಇಲ್ಲವೆಂದು ಅಲ್ಲಿಯ ಹಣಕಾಸು ಮಂತ್ರಿಯಾಗಿದ್ದವರೇ ಹೇಳಿದರು. ಇದ್ದವರಿಗೂ ತಿಂಗಳುಗಟ್ಟಲೆ ಸಂಬಳವಿರಲಿಲ್ಲ, ದೂರದ ಠಾಣೆಗಳಿಗೆ ಊಟವೂ ಮದ್ದುಗುಂಡೂ ಸರಿಯಾಗಿ ತಲುಪುತ್ತಿರಲಿಲ್ಲ. ಅಲ್ಲಿ ಪೊಲೀಸ್ ಮುಖ್ಯಸ್ಥನ ಹುದ್ದೆ ಹಣಕ್ಕೆ ಸಿಗುತ್ತಿತ್ತು. ಹಣ ಕೊಟ್ಟು ಬಂದವನು ಅದನ್ನು ಹೆದ್ದಾರಿಯ ಲಾರಿಗಳಿಂದ, ಅಫೀಮಿನ ವ್ಯಾಪಾರಿಗಳಿಂದ, ಹಳ್ಳಿಯ ಬಡವರಿಂದ ವಸೂಲಿ ಮಾಡಿ, ಅದರಲ್ಲಿ ಒಂದು ಪಾಲನ್ನು ಮೇಲಕ್ಕೆ ಕಳಿಸಬೇಕಾಗಿತ್ತು. 2010ರಲ್ಲಿ ಕಾಬೂಲ್ ಬ್ಯಾಂಕ್ ಮುಳುಗಿದಾಗ, ಜನರ ಠೇವಣಿಯಿಂದ ಸುಮಾರು 90 ಕೋಟಿ ಡಾಲರನ್ನು ಅಧಿಕಾರದ ಹತ್ತಿರದವರು ಸಾಲದ ಹೆಸರಿನಲ್ಲಿ ಹಂಚಿಕೊಂಡಿದ್ದರೆಂದು, ಅದರಲ್ಲಿ ಒಂದಷ್ಟು ದುಬೈನ ಬಂಗಲೆಗಳಾಗಿದ್ದವೆಂದು ತಿಳಿದುಬಂತು. ಸೋಲಿಗೆ ಇದೊಂದೇ ಕಾರಣವಲ್ಲ. 2020ರ ಫೆಬ್ರುವರಿಯಲ್ಲಿ ಅಮೆರಿಕ ತಾಲಿಬಾನ್ ಜೊತೆ ಮಾಡಿಕೊಂಡ ದೋಹಾ ಒಪ್ಪಂದ, ಅಮೆರಿಕದ ವಾಯುಬಲ ಹಿಂದೆ ಸರಿದದ್ದು, ತಾಲಿಬಾನಿಗೆ ಪಾಕಿಸ್ತಾನದ ಆಶ್ರಯ, ಇವೆಲ್ಲ ಸೇರಿವೆ. ಆದರೂ ತನ್ನ ಹೆಸರಿನ ಸಂಬಳವನ್ನು ತಿಂದ ಅಧಿಕಾರಿಗಾಗಿ ಪ್ರಾಣ ಕೊಡು ಎಂದು ಯಾವ ಸಿಪಾಯಿಗೆ ಹೇಳುವುದು ಸಾಧ್ಯ? ಸಿಪಾಯಿಯಾಗಿ ಬದುಕಿದವನಾಗಿ ಈ ಪ್ರಶ್ನೆಯನ್ನು ಕೇಳುತ್ತಿದ್ದೇನೆ. ಕಾಬೂಲ್ ಬಿದ್ದ ಮರುತಿಂಗಳೇ ಗುಜರಾತಿನ ಮುಂದ್ರಾ ಬಂದರಿನಲ್ಲಿ ಟಾಲ್ಕ್ ಕಲ್ಲೆಂದು ನಮೂದಿಸಿ ತಂದಿದ್ದ ಕಂಟೇನರುಗಳಿಂದ ಸುಮಾರು 3,000 ಕಿಲೋ ಅಫ್ಘನ್ ಹೆರಾಯಿನ್ ಸಿಕ್ಕಿತು.

ಸೇನೆ ಟೊಳ್ಳಾಗುವುದು ಒಂದು ದಾರಿಯಾದರೆ, ಪ್ರಜೆಯ ತಾಳ್ಮೆ ಒಡೆಯುವುದು ಇನ್ನೊಂದು. 2010ರ ಡಿಸೆಂಬರ್ 17ರಂದು ಟುನೀಷಿಯಾದ ಸಿದಿ ಬೂಜಿದ್ ಎಂಬ ಊರಿನಲ್ಲಿ ಗಾಡಿಯಲ್ಲಿ ಹಣ್ಣು ಮಾರುತ್ತಿದ್ದ ಮೊಹಮದ್ ಬುವಾಜಿಜಿ ಎಂಬ ಯುವಕನ ತಕ್ಕಡಿಯನ್ನು ಪುರಸಭೆಯವರು ಕಿತ್ತುಕೊಂಡರು. ದೂರು ಕೇಳುವವರಿಲ್ಲದೆ ಅವನು ಸರ್ಕಾರಿ ಕಚೇರಿಯ ಮುಂದೆಯೇ ಮೈಗೆ ಬೆಂಕಿ ಹಚ್ಚಿಕೊಂಡ. ಅಧ್ಯಕ್ಷ ಬೆನ್ ಅಲಿಯ ಬಂಧುಬಳಗದ ಸುಲಿಗೆಯಿಂದ ಬೇಸತ್ತಿದ್ದ ಜನ ಬೀದಿಗಿಳಿದರು, ಜನವರಿ 14ರಂದು ಅಧ್ಯಕ್ಷ ದೇಶ ಬಿಟ್ಟು ಓಡಿದ. ಆ ಕಿಡಿ ಲಿಬಿಯಾಕ್ಕೆ ಹಾರಿತು, ಸಿರಿಯಾಕ್ಕೆ ಹಾರಿತು. ಲಿಬಿಯಾದ ಉಗ್ರಾಣಗಳಿಂದ ಲೂಟಿಯಾದ ಆಯುಧಗಳು ಸಹಾರಾ ದಾಟಿ ಮಾಲಿ ದೇಶದ 2012ರ ಬಂಡಾಯಕ್ಕೆ ಒದಗಿದವು. ಲಿಬಿಯಾದಿಂದ ಆಗ 15 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಹಡಗು, ವಿಮಾನಗಳಲ್ಲಿ ಕರೆತರಬೇಕಾಯಿತು.

ಉಕ್ರೇನ್ ವಿಷಯವನ್ನೂ ಹೇಳದೆ ಬಿಡಲಾರೆ. ಆಕ್ರಮಣದ ಹೊಣೆ ಆಕ್ರಮಣ ಮಾಡಿದ ರಷ್ಯಾದ್ದೇ. ಆದರೆ 2014ರಲ್ಲಿ ಅಧ್ಯಕ್ಷ ಯಾನುಕೋವಿಚ್ ತನ್ನ ವೈಭವದ ಎಸ್ಟೇಟನ್ನು ಬಿಟ್ಟು ಓಡಿಹೋದ ಹೊತ್ತಿಗೆ ಅಲ್ಲಿನ ಸೇನೆ ಎಷ್ಟು ಬರಿದಾಗಿತ್ತೆಂದರೆ, 41,000 ಕಾಲಾಳುಗಳಲ್ಲಿ ಯುದ್ಧಕ್ಕೆ ಸಿದ್ಧರಿರುವವರು ಕೇವಲ 6,000 ಮಂದಿ ಎಂದು ಹಂಗಾಮಿ ರಕ್ಷಣಾ ಮಂತ್ರಿ ಸಂಸತ್ತಿಗೆ ತಿಳಿಸಿದರು. ಕ್ರಿಮಿಯಾ ಸುಲಭದ ತುತ್ತಾಯಿತು. ಸುಲಭದ ತುತ್ತು ತಿಂದವರು 2022ರಲ್ಲಿ ಪೂರ್ತಿ ತಟ್ಟೆಗೇ ಕೈಹಾಕಿದರು. ಆ ವರ್ಷದ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಸಿಕ್ಕಿ ಸತ್ತವನು ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ.

ನಮ್ಮ ದೇಶದಲ್ಲಿ ಹಾಗಿಲ್ಲ, ನಮ್ಮ ಸೇನೆ ಗಟ್ಟಿಯಾಗಿದೆ ಎನ್ನುವವರಿಗೆ ನನ್ನ ಒಪ್ಪಿಗೆಯಿದೆ. ನನ್ನ ರೆಜಿಮೆಂಟಿನಲ್ಲಿ ಒಬ್ಬ ಜವಾನನ ಸಂಬಳದ ಪೈಸೆಯೂ ಆಚೀಚೆ ಆದದ್ದನ್ನು ನಾನು ಕಂಡಿಲ್ಲ. ಆದರೆ ದೇಶವನ್ನು ಕಾಯುವುದು ಸೇನೆಯೊಂದೇ ಅಲ್ಲ. 1993ರ ಮಾರ್ಚ್ 12ರಂದು ಮುಂಬೈಯಲ್ಲಿ 257 ಜನರನ್ನು ಕೊಂದ ಆರ್‌ಡಿಎಕ್ಸ್ ರಾಯಗಡ ಜಿಲ್ಲೆಯ ಕಡಲತೀರದಲ್ಲಿ ಇಳಿದದ್ದು ಕಳ್ಳತನದಿಂದಲ್ಲ, ಕಾವಲಿನವರ ಒಪ್ಪಿಗೆಯಿಂದ. ದಿಘಿಯಲ್ಲಿ ಇಳಿದ ಆಯುಧಗಳ ಲಾರಿಯನ್ನು ತಡೆದ ಪೊಲೀಸರು ಲಂಚದ ಹಣ ಕೈಸೇರುವ ತನಕ ಭದ್ರತೆಗೆಂದು ಬೆಳ್ಳಿಯ ಗಟ್ಟಿಗಳನ್ನು ಇಟ್ಟುಕೊಂಡು ಅದನ್ನು ಮುಂದೆ ಹೋಗಗೊಟ್ಟರೆಂಬುದು ನ್ಯಾಯಾಲಯದ ಕಡತದಲ್ಲಿದೆ. ಕಸ್ಟಮ್ಸ್ ಮತ್ತು ಪೊಲೀಸ್ ಇಲಾಖೆಯ ಹಲವರಿಗೆ ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆಯಡಿ ಶಿಕ್ಷೆಯಾಯಿತು. ಚಿನ್ನ, ಬೆಳ್ಳಿಯ ಕಳ್ಳಸಾಗಣೆಗೆ ಕಣ್ಣು ಮುಚ್ಚುತ್ತ ಬಂದವರಿಗೆ ಆ ಸಲದ ಪೆಟ್ಟಿಗೆಗಳಲ್ಲಿ ಏನಿದೆಯೆಂದು ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು. ಆ ಸ್ಫೋಟಗಳ ನಂತರ ಗೃಹ ಕಾರ್ಯದರ್ಶಿ ಎನ್.ಎನ್. ವೋಹ್ರಾ ಅವರ ಸಮಿತಿ ಪಾತಕಿಗಳು, ರಾಜಕಾರಣಿಗಳು, ಅಧಿಕಾರಿಗಳ ನಂಟಿನ ಬಗ್ಗೆ ಅದೇ ವರ್ಷ ವರದಿ ಕೊಟ್ಟಿತು. ಅದು ಸಂಸತ್ತಿನ ಮುಂದೆ ಬಂದದ್ದು 1995ರಲ್ಲಿ.

ನಮ್ಮ ರಾಜ್ಯದ ಬೇಲೆಕೇರಿ ಬಂದರನ್ನು ನೆನೆಯಿರಿ. ಬಳ್ಳಾರಿಯ ಅಕ್ರಮ ಅದಿರನ್ನು 2010ರಲ್ಲಿ ಅರಣ್ಯಾಧಿಕಾರಿಗಳು ಅಲ್ಲಿ ಜಪ್ತಿ ಮಾಡಿದರು, ಜಪ್ತಿಯಾದ ರಾಶಿಯಿಂದಲೇ ಲಕ್ಷಾಂತರ ಟನ್ ಅದಿರು ಹಡಗೇರಿ ಹೋಯಿತು. ಸರ್ಕಾರದ ಮೊಹರು ಬಿದ್ದ ಮಾಲು ಹೊರಗೆ ಹೋಗಬಹುದಾದ ಬಂದರಿನಿಂದ ಒಳಗೆ ಏನು ಬೇಕಾದರೂ ಬರಬಹುದು ಎಂಬ ಮಾತನ್ನು ಆಗ ಗಣಿಯ ರಾಜಕೀಯದ ಗದ್ದಲದಲ್ಲಿ ಹೆಚ್ಚು ಮಂದಿ ಆಡಲಿಲ್ಲ. ಕೊಡಗಿನ ಬೆಳೆಗಾರರು ಇದರ ಸಣ್ಣ ರೂಪವನ್ನು ಅನುಭವಿಸಿದ್ದಾರೆ: ವಿಯೆಟ್ನಾಂ ಮೆಣಸು ಶ್ರೀಲಂಕಾದ ಮಾಲೆಂಬ ದಾಖಲೆ ಹೊತ್ತು ಬಂದು ನಮ್ಮ ಕರಿಮೆಣಸಿನ ಬೆಲೆ ಕುಸಿಯುತ್ತಿದೆ ಎಂದು ಸಂಘಟನೆಗಳು ದೂರಿದ ಮೇಲೆ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಬೇಕಾಯಿತು. ಮೆಣಸಿನ ಮೂಲದ ಬಗ್ಗೆ ಸುಳ್ಳು ಕಾಗದ ನಡೆಯುವ ಕಡೆ ಬೇರೆ ಸರಕಿನ ಸುಳ್ಳು ಕಾಗದವೂ ನಡೆಯುತ್ತದೆ.

ಭ್ರಷ್ಟಾಚಾರ ಹಣವನ್ನು ಮಾತ್ರ ತಿನ್ನುವುದಿಲ್ಲ, ಕಾಲವನ್ನೂ ತಿನ್ನುತ್ತದೆ. 1986ರಲ್ಲಿ ಕೊಂಡ ಬೊಫೋರ್ಸ್ ಫಿರಂಗಿ ಒಳ್ಳೆಯ ಫಿರಂಗಿ. 1999ರಲ್ಲಿ ಕಾರ್ಗಿಲ್ ಶಿಖರಗಳ ಮೇಲೆ ಅದು ಮಾಡಿದ ಕೆಲಸವನ್ನು ಯಾವ ಸೈನಿಕನೂ ಮರೆಯಲಾರ. ಆದರೆ 1987ರಲ್ಲಿ ಸ್ವೀಡನ್ನಿನ ರೇಡಿಯೊ ಲಂಚದ ಸಂಗತಿಯನ್ನು ಹೊರಗೆಡಹಿದ ಮೇಲೆ, ಲಂಚ ಪಡೆದವರು ಯಾರೆಂಬುದು ನ್ಯಾಯಾಲಯದಲ್ಲಿ ಕೊನೆಗೂ ಸಾಬೀತಾಗಲಿಲ್ಲ, ಫಿರಂಗಿ ಕೊಳ್ಳುವ ಕಡತಕ್ಕೆ ಸಹಿ ಹಾಕುವ ಧೈರ್ಯವೂ ದೆಹಲಿಯಲ್ಲಿ ಯಾರಿಗೂ ಉಳಿಯಲಿಲ್ಲ. ಸೇನೆಗೆ ಹೊರಗಿನ ವಿನ್ಯಾಸದ ಹೊಸ ಮಾದರಿಯ ಫಿರಂಗಿ, ಎಂ777 ಮತ್ತು ಕೆ9 ವಜ್ರ, ವಿಧಿವತ್ತಾಗಿ ಸೇರಿದ್ದು 2018ರ ನವೆಂಬರ್‌ನಲ್ಲಿ. ಮೂರು ದಶಕ! ಕದ್ದವನಿಗೆ ಶಿಕ್ಷೆಯಾಗದೆ, ಪ್ರಾಮಾಣಿಕನಿಗೆ ಭಯವಾಗುವ ಈ ಸ್ಥಿತಿಯಿಂದ ಲಾಭವಾಗುವುದು ಗಡಿಯಾಚೆಯವರಿಗೆ.

ಶ್ರೀಮಂತ ದೇಶಗಳ ಪಾಲನ್ನೂ ಇಲ್ಲಿ ಬರೆಯಲೇಬೇಕು. ನೈಜೀರಿಯಾದ ಸರ್ವಾಧಿಕಾರಿ ಅಬಾಚಾ ಕದ್ದ ಹಣ ಇದ್ದದ್ದು ಸ್ವಿಟ್ಜರ್ಲೆಂಡಿನ ಬ್ಯಾಂಕುಗಳಲ್ಲಿ. ಅಫ್ಘಾನಿಸ್ತಾನದ ಅಧ್ಯಕ್ಷರಾಗಿದ್ದ ಕರ್ಜೈ ಅವರ ಕಚೇರಿಗೆ ನಗದಿನ ಚೀಲಗಳನ್ನು ಕಳಿಸಿದ್ದು ಅಮೆರಿಕದ ಗೂಢಚಾರ ಸಂಸ್ಥೆಯೇ. ಕಳ್ಳಮಾಲು ಕೊಳ್ಳುವವರಿಲ್ಲದೆ ಕಳ್ಳ ಬದುಕಲಾರ.

ಇನ್ನು ನಮ್ಮ ಜಿಲ್ಲೆಗೆ ಬರುತ್ತೇನೆ. ತೀರಿಕೊಂಡ ಸಹೋದ್ಯೋಗಿಯೊಬ್ಬರ ಪತ್ನಿಯ ಜೊತೆಗೆ, ಗಂಡನ ಹೆಸರಿನಲ್ಲಿದ್ದ ಜಮೀನಿನ ಪೌತಿ ಖಾತೆಗಾಗಿ ನಾನು ಒಂದು ಕಚೇರಿಗೆ ಹೋಗಿದ್ದೆ. ಅರ್ಜಿ, ಮರಣ ಪತ್ರ, ವಂಶವೃಕ್ಷ, ಪಹಣಿ ಎಲ್ಲವೂ ಸರಿಯಾಗಿದ್ದವು. ಗುಮಾಸ್ತ ಒರಟಾಗಿ ಏನೂ ಹೇಳಲಿಲ್ಲ. "ನನಗೇನೂ ಬೇಡಮ್ಮ, ಆದರೆ ಫೈಲು ಮೇಲೆ ಹೋಗಬೇಕಲ್ಲ, ಮೇಲಿನವರಿಗೆ ಕೊಡಲೇಬೇಕು" ಎಂದು ಸಮಾಧಾನವಾಗಿಯೇ ಹೇಳಿದ. ಗಂಡನ ಪದಕಗಳ ಫೋಟೋವನ್ನೂ ಅರ್ಜಿಯೊಡನೆ ತಂದಿದ್ದ ಆ ಅಮ್ಮ ಅದನ್ನು ಮತ್ತೆ ಚೀಲದೊಳಗೆ ಇಟ್ಟುಕೊಂಡರು. ಕೆಳಗಿನವನು ವಸೂಲಿ ಮಾಡಿ ಮೇಲಿನವನಿಗೆ ತಲುಪಿಸುವ, ಮೇಲಿನವನು ಅದಕ್ಕೆ ಬದಲಾಗಿ ಕೆಳಗಿನವನನ್ನು ಕಾಯುವ ಈ ಏರ್ಪಾಡನ್ನೇ ನಾನು ಕಿವುವಿನ ಬಿದಿರಿನ ಗಳದ ಹಿಂದೆ ಕಂಡದ್ದು, ಕಾಬೂಲಿನ ಬಗ್ಗೆ ಓದಿದ್ದು. ಅಲ್ಲಿ ಅದು ಬಂದೂಕಿನ ತನಕ ಬೆಳೆದಿತ್ತು, ಇಲ್ಲಿ ಇನ್ನೂ ಕಡತದಲ್ಲಿದೆ. ಕಡತದಲ್ಲೇ ಇರುತ್ತದೆಂಬ ಭರವಸೆ ಯಾರಿಗೂ ಬೇಡ. ಕರ್ನಾಟಕದಲ್ಲಿ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳ ನೇಮಕಾತಿಯನ್ನು 2022ರಲ್ಲಿ ರದ್ದು ಮಾಡಬೇಕಾಯಿತು. ಉತ್ತರ ಪತ್ರಿಕೆ ತಿದ್ದಿಸಲು ಲಕ್ಷಗಟ್ಟಲೆ ಹಣ ಕೈಬದಲಾಯಿಸಿದ ಆರೋಪದಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಐಪಿಎಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಹಾಗೆ ಹಣ ಕೊಟ್ಟು ಬಂದವನೊಬ್ಬ ನಾಳೆ ಕುಟ್ಟದ ಅಥವಾ ಮಾಕುಟ್ಟದ ಗಡಿ ತಪಾಸಣಾ ಠಾಣೆಯಲ್ಲಿ ನಿಂತರೆ, ಕೊಟ್ಟ ಹಣವನ್ನು ಮರಳಿ ಪಡೆಯುವುದಕ್ಕೆ ಅವನು ಯಾವ ಲಾರಿಯನ್ನು ಬಿಟ್ಟುಕೊಟ್ಟಾನು ಎಂದು ಯೋಚಿಸಬೇಕು.

ಆದ್ದರಿಂದ ಒಂದು ನಿರ್ದಿಷ್ಟ ಬೇಡಿಕೆಯನ್ನು ತಮ್ಮ ಪತ್ರಿಕೆಯ ಮೂಲಕ ಮುಂದಿಡುತ್ತೇನೆ. ಇಂಥ ಏರ್ಪಾಡು ಒಡೆಯುವುದು ಹೊರಗಿನ ತಪಾಸಣೆಯಿಂದಲ್ಲ, ಒಳಗಿದ್ದು ಸಹಿಸಲಾರದೆ ಬಾಯಿಬಿಡುವ ಒಬ್ಬ ನೌಕರನಿಂದ. ಹೆದ್ದಾರಿ ಕಾಮಗಾರಿಯ ಅಕ್ರಮಗಳ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದ ಎಂಜಿನಿಯರ್ ಸತ್ಯೇಂದ್ರ ದುಬೆ ಅವರನ್ನು 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಗುಂಡಿಟ್ಟು ಕೊಂದರು. ಆ ಸಾವಿನ ನಂತರದ ಒತ್ತಾಯದಿಂದ, ಅಕ್ರಮಗಳ ಮಾಹಿತಿ ಕೊಡುವವರನ್ನು ಕಾಯುವ ವಿಷಲ್ ಬ್ಲೋವರ್ಸ್ ಸಂರಕ್ಷಣಾ ಕಾಯ್ದೆಯನ್ನು ಸಂಸತ್ತು 2014ರಲ್ಲಿ ಅಂಗೀಕರಿಸಿತು, ಅದೇ ವರ್ಷದ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಜಾರಿಯ ದಿನಾಂಕವನ್ನು ಗೊತ್ತುಪಡಿಸುವ ಅಧಿಸೂಚನೆ ಮಾತ್ರ ಹೊರಡಲಿಲ್ಲ. ಪಕ್ಷ ಯಾವುದಾದರೂ ಇರಲಿ, ಸೈನಿಕರ ಜಿಲ್ಲೆಯಿಂದ ಮತ ಕೇಳುವ ನಮ್ಮ ಸಂಸದರು ಈ ಅಧಿಸೂಚನೆಯ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಎತ್ತಬೇಕು, ಅದನ್ನು ಗೃಹ ಮತ್ತು ರಕ್ಷಣಾ ಇಲಾಖೆಗಳ ಬೇಡಿಕೆಗಳ ಚರ್ಚೆಯಲ್ಲೇ ಎತ್ತಬೇಕು, ಮತ್ತು ಸರ್ಕಾರ ಕೊಟ್ಟ ಉತ್ತರವನ್ನು ತಾವು ದಯವಿಟ್ಟು ಮುಖಪುಟದಲ್ಲಿ ಪ್ರಕಟಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸುಬೇದಾರ್,
ಪೊನ್ನಂಪೇಟೆ ತಾಲ್ಲೂಕು, ಕೊಡಗು